ಅಂಗಳದಲ್ಲಿ ಹೇಳಿದ ಪ್ಯಾರಿಸ್ಸು

ಪ್ಯಾರಿಸ್ಸಿನ ಕಬ್ಬಿಣದ ಗೋಪುರವನ್ನು ನಾನು ಮೊದಲು ಕಂಡದ್ದು ನಿಟ್ಟೂರಿನ ಹತ್ತಿರದ ನಮ್ಮೂರಿನ ಒಡೆಯರ ಬಾಯಲ್ಲಿ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಡೆಯರು ವಿಮಾನ ಹತ್ತಿ ಲೋಕ ಸುತ್ತಿ ಬಂದಿದ್ದರು. ಸಂಜೆಯಾದರೆ ಹೊಸನಗರದ ಗುಮಾಸ್ತರು, ತೀರ್ಥಹಳ್ಳಿಯ ನೆಂಟರು ಅವರ ಜಗಲಿಯ ಮೇಲೆ ಎಲೆಅಡಿಕೆ ತಟ್ಟೆಯ ಸುತ್ತ ಕೂತು ಕೇಳುತ್ತಿದ್ದರು. ಗೋಪುರದ ಎದುರು ಕೆಂಪು ಕೊಡೆಗಳ ಕಾಫಿ ಅಂಗಡಿ ಇದೆಯಂತೆ, ಅಲ್ಲಿ ಕೂತ ಒಡೆಯರಿಗೆ ಸ್ವರ್ಗವೇ ಕಂಡಿತಂತೆ.

ಅವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ನಾವು ಅಂಗಳದಲ್ಲಿ ನಿಂತೇ ಕೇಳಬೇಕು. ನಮ್ಮ ಪಾಲಿನ ಎಲೆಅಡಿಕೆಯ ಕವಳ ತಟ್ಟೆಯಲ್ಲಿ ಬರುತ್ತಿರಲಿಲ್ಲ. ಮೇಲಿನಿಂದ ಎಸೆಯುತ್ತಿದ್ದರು, ಟವೆಲ್ ಒಡ್ಡಿ ಹಿಡಿಯುತ್ತಿದ್ದೆವು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ನಾನು ಆಗಲೇ ಅಪ್ಪನಿಗಿಂತ ಹೆಚ್ಚು ಉಳುತ್ತಿದ್ದೆ. ಒಂದು ಸಂಜೆ ಒಡೆಯರು, ಗೋಪುರದ ಕಾಲಿನೊಳಗೆ ಲಿಫ್ಟು ಓರೆಯಾಗಿ ಏರುತ್ತದೆ ಎಂದರು. ಓರೆಯಾಗಿ ಹೇಗೆ? ಕೇಳುವ ಭರದಲ್ಲಿ ಹೋಗಿ ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಏಯ್, ಎಂತದಾ ಅದು? ಇಳಿ ಕೆಳಗೆ!"

"ಅಲ್ಲಿಗೆ ಸರಿ ಕೇಳ್ಸಲ್ಲ ಒಡೆಯಾ."

"ಕೇಳ್ಸದಿದ್ರೆ ಹೋಗಿ ನೋಡ್ಕಂಡು ಬಾ ಮಾರಾಯ. ಲಂಗೋಟಿ ಒಗ್ಕಂಡು ಹೊರಡು, ವಿಮಾನ ನಿಂಗೇ ಕಾಯ್ತಿದೆ!"

ಜಗಲಿಗೆ ಜಗಲಿಯೇ ನಕ್ಕಿತು. ನನ್ನ ಪಕ್ಕದಲ್ಲಿ ನಿಂತಿದ್ದ ಅಪ್ಪನೂ ನಕ್ಕ. ಒಡೆಯರು ನಕ್ಕರೆ ಅವನು ನಗಲೇಬೇಕಿತ್ತು. ಆ ನಗುವನ್ನು ನಾನು ಒಡೆಯರ ಲೆಕ್ಕಕ್ಕೇ ಬರೆದುಕೊಂಡೆ. ನೋಡಿ ಬರುತ್ತೇನೆ, ಅದೇ ಜಗಲಿಯ ಮೇಲೆ ಕೂತು ಹೇಳುತ್ತೇನೆ ಎಂದು ಅಲ್ಲೇ ತೀರ್ಮಾನವಾಯಿತು.

ಕೊಯ್ಲು ಮುಗಿದದ್ದೇ ಸಾಗರದ ಬಸ್ಸು ಹತ್ತಿದೆ. ಅಲ್ಲಿಂದ ಲಾರಿಯಲ್ಲಿ ಬೊಂಬಾಯಿ, ಆಮೇಲೆ ಹಡಗಿನ ಅಡುಗೆಮನೆಯಲ್ಲಿ ಕೆಲಸ. ದೀವಟಿಗೆ ಹಿಡಿದ ಅಮೆರಿಕದ ಹೆಂಗಸಿನ ಪ್ರತಿಮೆಯನ್ನು ಆಲೂಗಡ್ಡೆ ಸಿಪ್ಪೆಯ ಬೋಗುಣಿ ಹಿಡಿದು ನಿಂತು ನೋಡಿದೆ. ಲಂಡನ್ನಿನ ಗಡಿಯಾರ ಮಂಜಿನಲ್ಲಿ ಕಾಣಲೇ ಇಲ್ಲ, ಹೊಡೆದದ್ದು ಮಾತ್ರ ಕೇಳಿತು. ಈಜಿಪ್ಟಿನ ಕಲ್ಲುಗುಡ್ಡದ ಬುಡದಲ್ಲಿ, ಎಲ್ಲರೂ ತಲೆಯೆತ್ತಿ ನೋಡುತ್ತಿದ್ದಾಗ, ನಾನು ಮೊದಲ ಕಲ್ಲಿನ ಮೇಲೆ ಹತ್ತಿ ಕೂತೆ. ಯಾರೂ ಇಳಿ ಎನ್ನಲಿಲ್ಲ. ಪ್ಯಾರಿಸ್ಸಿನಲ್ಲಿ ಒಡೆಯರು ಲಿಫ್ಟಿನಲ್ಲಿ ಏರಿದ ಗೋಪುರವನ್ನು ನಾನು ಬೇಕೆಂದೇ ಮೆಟ್ಟಿಲು ತುಳಿದು ಹತ್ತಿದೆ. ಪಕ್ಕದಲ್ಲಿ ಲಿಫ್ಟು ನಿಜಕ್ಕೂ ಓರೆಯಾಗಿ ಏರುತ್ತಿತ್ತು. ಚೆಂದವಿತ್ತು, ಸುಳ್ಳು ಹೇಳಬಾರದು. ಆದರೆ ಏನನ್ನು ನೋಡಿದರೂ ಜಗಲಿಯ ಮೇಲೆ ಹೇಗೆ ಹೇಳಲಿ ಎಂದೇ ಮಾತು ಜೋಡಿಸುತ್ತಿದ್ದೆ.

ದಶಕ ಮುಗಿಯುವ ಮೊದಲೇ ಊರಿಗೆ ಬಂದೆ. ಒಡೆಯರ ಮೊಣಕಾಲು ಬಿದ್ದುಹೋಗಿ ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ. ಜಗಲಿಯ ಕಂಬಕ್ಕೊರಗಿ ಒಬ್ಬರೇ ಕೂತಿದ್ದರು. ಅಪ್ಪ ಅಂಗಳದಲ್ಲಿ ಹುಲ್ಲಿನ ಹಗ್ಗ ಹೊಸೆಯುತ್ತಿದ್ದ.

"ಬಾರಾ, ಬಾ! ಪ್ಯಾರಿಸ್ಸಿಗೆ ಹೋಗಿದ್ಯಂತೆ? ಮೇಲೆ ಬಾ, ಕೂತ್ಕ." ಒಡೆಯರು ಎಲೆಅಡಿಕೆ ತಟ್ಟೆಯನ್ನು ತಾವೇ ನನ್ನತ್ತ ನೂಕಿದರು. "ಗೋಪುರದ ಎದ್ರಿಗೆ ಕೆಂಪು ಕೊಡೆಯ ಅಂಗಡಿ, ಈಗ್ಲೂ ಇದೆಯೇನಾ?"

ಅವರ ಕಣ್ಣು ನೋಡಿದೆ. ಹಸಿದಿದ್ದವು. ವರ್ಷಗಟ್ಟಲೆ ಜೋಡಿಸಿಟ್ಟ ಮಾತನ್ನೆಲ್ಲ ಆ ಕ್ಷಣ ನುಂಗಿಕೊಂಡೆ. ಹೇಳಿದರೆ ಅವರಿಗೆ ಹಬ್ಬ.

ತಟ್ಟೆ ಮುಟ್ಟಲಿಲ್ಲ. ಮೆಟ್ಟಿಲ ಹತ್ತಿರದಿಂದಲೇ ತಿರುಗಿ ಅಪ್ಪನ ಪಕ್ಕ ಕುಕ್ಕರುಗಾಲಲ್ಲಿ ಕೂತು ಪ್ಯಾರಿಸ್ಸು ಶುರುಮಾಡಿದೆ, ಮೆಲುದನಿಯಲ್ಲಿ.

"ಗಟ್ಟಿ ಹೇಳಾ, ಇಲ್ಲಿಗೆ ಕೇಳ್ಸಲ್ಲ!"

"ಕೇಳ್ಸದಿದ್ರೆ ಇಳಿದು ಬನ್ನಿ ಒಡೆಯಾ."

ಅಪ್ಪನ ಕೈಯ ಹಗ್ಗ ನಿಂತಿತು. "ಕಾಲಾಗಲ್ಲ ಅವ್ರಿಗೆ. ಬೇಡ ಕಣಾ, ಸ್ವಲ್ಪ ಗಟ್ಟಿ ಹೇಳು."

"ಗೊತ್ತು ಅಪ್ಪಾ."

ಜಗಲಿಯ ಮೇಲೆ ಒಡೆಯರು ಕಂಬ ಹಿಡಿದು ಮುಂದಕ್ಕೆ ಬಾಗಿದ್ದರು. ನಾನು ಅಪ್ಪನ ಕಿವಿಗೆ ಬಾಯಿ ಹಚ್ಚಿ ಹೇಳಿದೆ: ಅಂಗಡಿ ಇದೆ, ಕೊಡೆಗಳೂ ಕೆಂಪಗೇ ಇವೆ.