ಮಸ್ಕಿಯಲ್ಲಿ ಕರಗಿದ ಐಸ್

ಹುಲಿಗೆಮ್ಮ, ನಿಮ್ಮ ರಕ್ತವನ್ನು ಕೆಡಿಸಿದ್ದು ನಾನು. ಕೆಡಿಸಿ, ನಿಮ್ಮ ಮೈಯೇ ಕೆಟ್ಟಿದೆ ಎಂದು ನಿಮ್ಮನ್ನು ನಂಬಿಸಿದೆ. ನಿಜ ಗೊತ್ತಾದ ಮೇಲೂ ಸುಮ್ಮನಿದ್ದೆ.

ಆಗ ನಾನು ಸಂಶೋಧನಾ ವಿದ್ಯಾರ್ಥಿನಿ. ಭತ್ತದ ಗದ್ದೆಗೆ ಎಣ್ಣಿ ಹೊಡೆಯುವವರ — ಕೀಟನಾಶಕವನ್ನು ನಾವೆಲ್ಲ ಹಾಗೇ ಕರೆಯುವುದು — ಜೀವಕೋಶಗಳಲ್ಲಿ ಡಿಎನ್‌ಎ ಎಷ್ಟು ಮುರಿದಿದೆ ಎಂದು ಅಳೆಯುವುದು ನನ್ನ ಕೆಲಸ. ನೀವೂ ಎಣ್ಣಿ ಹೊಡೆಯುವವರೆಂದು ಜವಳಗೇರಾದಲ್ಲಿ ನಿಮ್ಮ ಮನೆ ಮುಂದೆ ಕೂತು ರಕ್ತ ತೆಗೆದೆ. ನಿಮ್ಮ ಅತ್ತೆ ನಕ್ಕರು: “ಇಷ್ಟು ರಕ್ತ ಒಯ್ದು ಯಾವ ಸಂತ್ಯಾಗ ಮಾರ್ತೀಬೇ?” ನಿಮ್ಮ ಮಡಿಲಲ್ಲಿ ಎಳೆಗೂಸು ಹಾಲು ಕುಡಿಯುತ್ತಿತ್ತು.

ಆ ರಕ್ತ ಐಸಿನ ಡಬ್ಬಿಯಲ್ಲಿ ತಣ್ಣಗೆ, ಬೆಳಕು ಕಾಣದೆ, ನೇರ ಲಿಂಗಸುಗೂರಿನ ಪ್ರಯೋಗಾಲಯ ಸೇರಬೇಕಿತ್ತು. ನಾನು ನಡುವೆ ಮಸ್ಕಿಯಲ್ಲಿ ಇಳಿದೆ. ನಮ್ಮ ಮನೆ ಅಲ್ಲೇ, ಊಟಕ್ಕೆ. ಅವ್ವ ಹೋಳಿಗೆ ಮಾಡಿದ್ದಳೆಂದು ನೆನಪು — ಮಾಡಿರಲಿಕ್ಕಿಲ್ಲ. ತಪ್ಪಿಗೊಂದು ರುಚಿಯಾದ ಕಾರಣ ಬೇಕೆಂದು ನೆನಪೇ ಹೋಳಿಗೆ ಬಡಿಸಿರಬಹುದು. ಆದರೆ ಡಬ್ಬಿ ಹೊರಗೆ ಕಟ್ಟೆಯ ಮೇಲೆ ಉಳಿದದ್ದು, ಬಿಸಿಲು ಸರಿದು ಅದರ ಮೇಲೆ ಬಿದ್ದದ್ದು, ಐಸ್ ಪೂರ್ತಿ ನೀರಾಗಿದ್ದದ್ದು — ಇದರಲ್ಲಿ ನನಗೆ ಅನುಮಾನವಿಲ್ಲ.

ಗಾಜಿನ ಪಟ್ಟಿಯ ಮೇಲೆ ಜೀವಕೋಶಗಳನ್ನು ಜೆಲ್ಲಿನಲ್ಲಿ ಕೂರಿಸಿ ವಿದ್ಯುತ್ ಹಾಯಿಸುತ್ತೇವೆ. ಡಿಎನ್‌ಎ ಗಟ್ಟಿಯಿದ್ದರೆ ಸೂಕ್ಷ್ಮದರ್ಶಕದಲ್ಲಿ ದುಂಡಗೆ ಕಾಣುತ್ತದೆ. ಮುರಿದಿದ್ದರೆ ತುಂಡುಗಳು ಸರಿದು ಧೂಮಕೇತುವಿನ ಹಾಗೆ ಬಾಲ ಮೂಡುತ್ತದೆ. ನಿಮ್ಮ ಕೋಶಗಳಿಗೆಲ್ಲ ಉದ್ದ ಬಾಲ. ರಕ್ತ ಬಿಸಿಲಿಗೆ ಕೆಟ್ಟರೂ ಹಾಗೇ ಕಾಣುತ್ತದೆಂದು ನನಗೆ ಗೊತ್ತಿತ್ತು. ಆದರೂ ಖುಷಿಯಾಯಿತು — ಬೇಕಿದ್ದ ಫಲಿತಾಂಶ! — ಓಡಿ ಬಂದು, ಎಣ್ಣಿಯಿಂದ ನಿಮ್ಮ ಮೈ ಕೆಟ್ಟಿದೆ ಎಂದು ನಿಮಗೆ ಹೇಳಿದೆ.

“ಮೇಡಂರೀ, ಕೂಸಿಗಿ ಮೊಲಿ ಕುಡಸಬೌದೇನ್ರಿ?” ಎಂದಿರಿ.

“ಸದ್ಯಕ್ಕ ಕುಡಸೂದು ಬಿಡ್ರಿ,” ಎಂದೆ.

ಆ ಪರೀಕ್ಷೆ ಎದೆಹಾಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಮೇಡಂ ಎನ್ನಿಸಿಕೊಂಡವಳಿಗೆ ಅದು ಬಾಯಿಗೆ ಬರಲಿಲ್ಲ —

ಕೆಲವು ವಾರಗಳ ಮೇಲೆ ನಿಮ್ಮ ರಕ್ತವನ್ನು ಮತ್ತೆ ಒಯ್ದೆ. ಆ ಸಲ ಎಲ್ಲೂ ಇಳಿಯಲಿಲ್ಲ. ಕೋಶಗಳೆಲ್ಲ ದುಂಡಗಿದ್ದವು. ಹಳೆಯ ಗಾಜುಗಳನ್ನು ಎಸೆದೆ, ಸರಿಯಾದ ಫಲಿತಾಂಶವನ್ನೇ ಬರೆದೆ. ನನ್ನ ಸಂಶೋಧನೆಯಲ್ಲಿ ಸುಳ್ಳು ಉಳಿಯಲಿಲ್ಲ. ನಿಮ್ಮ ಮನೆಯಲ್ಲಿ ಉಳಿಯಿತು. ಹೇಳಲು ಬಂದರೆ ಮಸ್ಕಿಯ ಊಟವನ್ನೂ ಹೇಳಬೇಕಿತ್ತು. ಅಷ್ಟರಲ್ಲಿ ಹಾಲು ಬತ್ತಿರುತ್ತದೆ, ಇನ್ನು ಹೇಳಿ ಏನು ಎಂದುಕೊಂಡೆ.

ಮೊನ್ನೆ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ನೀವೇ ನನ್ನ ಗುರುತು ಹಿಡಿದಿರಿ. ತುಂಬಿದ ಬಸುರಿ ನೀವು. ಪಕ್ಕದಲ್ಲಿ ಶಾಲೆಯ ಸಮವಸ್ತ್ರದಲ್ಲಿ ಅಂದಿನ ಆ ಕೂಸು, ನಿಮ್ಮ ಮಗಳು. ಚೀಲದಿಂದ ಹಾಲಿನ ಪುಡಿಯ ಡಬ್ಬಿ ತೆಗೆದು ತೋರಿಸಿದಿರಿ.

“ಈ ಸಲ ಮೊದಲ ತಂದಿಟ್ಕೊಂಡೀನ್ರಿ. ನನ್ನ ಹಾಲು ವಿಷ ಅಂತ ನೀವ ಹೇಳಿದ್ರಲ್ರೀ, ಪುಣ್ಯಾ ಕಟ್ಕೊಂಡ್ರಿ.”

ವಿಷ ಎಂಬ ಮಾತನ್ನು ನಾನು ಆಡಿದ್ದೆನೇ? ನೆನಪಿಲ್ಲ. ಆಡಲಿಲ್ಲ ಎಂದು ತಪ್ಪಿಸಿಕೊಳ್ಳುವುದೂ ಇಲ್ಲ. ಬಸ್ ಬಂತು, ನೀವು ಹತ್ತಿದಿರಿ. ನಾನು — ಆಗಲೂ ಬರೀ ಕೈ ಬೀಸಿದೆ.

ನಾಳೆ ಜವಳಗೇರಾಕ್ಕೆ ಬರುತ್ತೇನೆ, ಮಸ್ಕಿಯಲ್ಲಿ ಇಳಿಯದೆ. ಅಲ್ಲಿ ಮಾತು ತಡವರಿಸಬಾರದೆಂದು ಇಷ್ಟನ್ನು ಮೊದಲೇ ಬರೆದುಕೊಂಡೆ. ನಿಮ್ಮ ಅತ್ತೆ ಇರಲಿ, ಮಗಳೂ ಇರಲಿ. ಅವರ ಮುಂದೆಯೇ ಹೇಳುತ್ತೇನೆ. ನಿಮ್ಮ ಹಾಲು ಕೆಟ್ಟಿದೆ ಎನ್ನಲು ನನ್ನ ಬಳಿ ಅಂದೂ ಏನೂ ಇರಲಿಲ್ಲ, ಇಂದೂ ಇಲ್ಲ. ಹುಟ್ಟುವ ಕೂಸಿಗೆ ಕುಡಿಸಿರಿ.

ಪುಣ್ಯ ಕಟ್ಟಿಕೊಂಡಿರಿ ಎಂದಿರಲ್ಲ — ಆ ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳಿ.