ಎಡಸುತ್ತಿನ ಸಂತಾನ

ನನ್ನ ಹೃದಯ ಬಲಗಡೆ ಇದೆ. ಹೃದಯವೊಂದೇ ಅಲ್ಲ, ಹೊಟ್ಟೆಯೊಳಗಿನದೆಲ್ಲವೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲು. ಎಂ.ಎಸ್ಸಿ. ಸೇರಿದ ವರ್ಷದ ಆರೋಗ್ಯ ತಪಾಸಣೆಯಲ್ಲಿ ಇದು ಗೊತ್ತಾಯಿತು. ಡಾಕ್ಟರು ಸ್ಟೆತಸ್ಕೋಪನ್ನು ಎಡಗಡೆ ಇಟ್ಟು ಹುಬ್ಬು ಗಂಟಿಕ್ಕಿದರು, ಬಲಕ್ಕೆ ಸರಿಸಿ ನಕ್ಕರು. "ಏನೂ ತೊಂದ್ರಿ ಇಲ್ಲವಾ, ಎಲ್ಲಾರಂಗ ಬಾಳ್ತಿ" ಅಂದರು.

ಮನೆಯಲ್ಲಿ ನಾವು ಮೂವರು ಹೆಂಗಸರು. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದ. ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನಾನು. ಕೆಲಗೇರಿ ಕೆರೆಗೆ ನಡೆದು ಹೋಗುವಷ್ಟು ಹತ್ತಿರ ನಮ್ಮ ಮನೆ. ಡಾಕ್ಟರ ಮಾತು ಕೇಳಿ ಅವ್ವ ನನ್ನ ಬಲ ಎದೆಯ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ನಿಂತಳು. ಅಜ್ಜಿ, "ಯಾಕಡೆ ಇದ್ರೇನು, ಈಶ್ವರ ಕೊಟ್ಟಾನ" ಎಂದು ವಿಭೂತಿ ಹಚ್ಚಿದಳು. ಆ ದಿನದ ಅಜ್ಜಿ ಅಷ್ಟು ಒಳ್ಳೆಯವಳಾಗಿದ್ದಳು.

ಪಿಎಚ್.ಡಿ.ಗೆ ನಾನು ಸೇರಿಕೊಂಡ ಪ್ರಾಧ್ಯಾಪಕರ ಕೆಲಸ ಬಸವನಹುಳುಗಳ ಮೇಲೆ. ಅವರು ಆರಿಸಿಕೊಂಡ, ನಮ್ಮ ಕೆರೆಯ ಒಂದು ಜಾತಿಯ ಹುಳುಗಳ ಚಿಪ್ಪು ಸಾಮಾನ್ಯವಾಗಿ ಬಲಕ್ಕೇ ಸುತ್ತಿರುತ್ತದೆ. ಒಮ್ಮೆ ಅವರಿಗೆ ಎಡಕ್ಕೆ ಸುತ್ತಿದ್ದು ಒಂದು ಸಿಕ್ಕಿತ್ತು. ಇವು ಗಂಡೂ ಹೌದು ಹೆಣ್ಣೂ ಹೌದು, ಜೊತೆಯಿಲ್ಲದೆಯೂ ಮೊಟ್ಟೆಯಿಡಬಲ್ಲವು. ಆ ಒಂದೇ ಹುಳುವಿನಿಂದ ಸರ್ ಒಂದು ಸಂತಾನವನ್ನೇ ಬೆಳೆಸಿದ್ದರು. ಚಿಪ್ಪು ಯಾವ ಕಡೆ ಸುತ್ತಬೇಕೆಂದು ನಿರ್ಧರಿಸುವ ಜೀನು ಒಂದಿದೆ. ವಿಚಿತ್ರವೆಂದರೆ ಮರಿಯ ಸ್ವಂತ ಜೀನಿಗೆ ಅಲ್ಲಿ ಬೆಲೆಯಿಲ್ಲ. ತಾಯಿಯ ಜೀನು ಹೇಗೋ, ಮರಿಯ ಸುತ್ತು ಹಾಗೆ. ಮೊಟ್ಟೆ ಎಂಟು ಕೋಶಗಳಾಗಿ ಒಡೆಯುವ ಹೊತ್ತಿಗೆ ತಿರುವು ಗೊತ್ತಾಗಿಬಿಡುತ್ತದೆ. ಆ ಗಳಿಗೆಯಲ್ಲಿ ಗಾಜಿನ ಸೂಜಿಯಿಂದ ಮೇಲಿನ ಕೋಶಗಳನ್ನು ಇನ್ನೊಂದು ಕಡೆ ಒತ್ತಿ ಹಿಡಿದರೆ ಹುಳು ಉಲ್ಟಾ ಬೆಳೆಯುತ್ತದೆ. ಅದರ ಮರಿಗಳು ಮಾತ್ರ ಮತ್ತೆ ಜೀನು ಹೇಳಿದಂತೆಯೇ.

ಆ ಸೂಜಿಯ ಕೆಲಸ ನನ್ನದು. ಹೆಚ್ಚಿನ ಭ್ರೂಣಗಳು ಸೂಜಿ ತಗುಲಿ ಒಡೆದು ಹೋಗುತ್ತಿದ್ದವು. ಆದರೂ ಆ ಪ್ರಯೋಗಾಲಯದಲ್ಲಿ ನನ್ನಷ್ಟು ಸ್ಥಿರವಾದ ಕೈ ಇನ್ನೊಂದಿರಲಿಲ್ಲ. ಅದು ಸರ್‌ಗೂ ಗೊತ್ತಿತ್ತು.

ನನ್ನ ಹೃದಯದ ವಿಷಯವೂ ಗೊತ್ತಿತ್ತು, ನಾನೇ ಹೇಳಿದ್ದೆ. ಅಂದಿನಿಂದ ಯಾರೇ ಅತಿಥಿಗಳು ಬಂದರೂ ಮೊದಲು ಹುಳುಗಳ ತೊಟ್ಟಿ, ಆಮೇಲೆ ನಾನು. ಸರ್ ಮೇಜಿನ ಖಾನೆಯಿಂದ ಸ್ಟೆತಸ್ಕೋಪ್ ತೆಗೆಯುತ್ತಿದ್ದರು. "ಎಡಗಡೆ ಇಟ್ಟು ನೋಡ್ರಿ, ಏನೂ ಕೇಳೂದಿಲ್ಲ. ಈಗ ಬಲಗಡೆ ಇಡ್ರಿ. ಹುಳಕ್ಕ ಎಡ ಬಲ ತೋರಸೋ ಜೀನಿನ ಬಳಗನ ನಮ್ಮೊಳಗೂ ಅದ. ಹುಳಾ ನಾವು ಬ್ಯಾರೆ ಆಗೋಕಿಂತ ಮೊದಲಿನ ಆಸ್ತಿ ಅದು!" ವಿಜ್ಞಾನ ಸರಿಯಾಗಿಯೇ ಇತ್ತು. ಗೊತ್ತಿಲ್ಲದವರ ಕೈ ನನ್ನ ಎದೆಯ ಮೇಲೆ ಓಡಾಡುತ್ತಿತ್ತು. ಒಮ್ಮೆ ಎಂ.ಎಸ್ಸಿ. ತರಗತಿಯಲ್ಲಿ, ಎಡಸುತ್ತಿನ ಹುಳುವಿಗೂ ಬಲಸುತ್ತಿನ ಹುಳುವಿಗೂ ಅಂಗಗಳು ಹೊಂದದೆ ಕೂಡುವುದು ಕಷ್ಟ, ಹೀಗೆಯೇ ಒಂದು ಜೀನಿನಿಂದ ಹೊಸ ಜಾತಿಯೇ ಹುಟ್ಟಬಹುದು ಎಂದು ವಿವರಿಸಿ, ನನ್ನ ಕಡೆ ತಿರುಗಿ, "ನಿನ್ನ ಲಗ್ನದ್ದು ಹೆಂಗವಾ ಮತ್ತ?" ಎಂದರು. ತರಗತಿ ತುಂಬ ನಗು.

ಲಗ್ನ ಗೊತ್ತಾಯಿತು. ಹುಬ್ಬಳ್ಳಿಯಲ್ಲಿ ಗಬ್ಬೂರ ಬೈಪಾಸಿನ ಹತ್ತಿರ ಮನೆ, ಹತ್ತಿಯ ವ್ಯಾಪಾರ. ಹುಡುಗನಿಗೆ ನೋಡಲು ಬಂದ ದಿನವೇ ನನ್ನ ಹೃದಯದ ವಿಷಯ ಹೇಳಿದೆ. ಅವನು, "ಎಲ್ಲಿದ್ರೇನ್ರಿ, ಬಡಕೊಂಡ್ರ ಸಾಕು" ಎಂದು ನಕ್ಕ. ಆ ನಗುವಿಗೇ ನಾನು ಒಪ್ಪಿದ್ದು. ಮದುವೆಯಾದರೆ ಸಂಶೋಧನೆ ನಡುವೆಯೇ ಬಿಡಬೇಕಾಗುತ್ತದೆ ಎಂದು ಸರ್‌ಗೆ ತಿಳಿಸಿದೆ. "ಛಲೋ ಆತು" ಎಂದರು, ಕಣ್ಣು ಸೂಕ್ಷ್ಮದರ್ಶಕದಿಂದ ಎತ್ತದೆ.

ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗನ ತಾಯಿ ನಮಗೆ ತಿಳಿಸದೆ ವಿಭಾಗಕ್ಕೆ ಹೋಗಿ ನನ್ನ ಬಗ್ಗೆ ವಿಚಾರಿಸಿದ್ದಳು. ಹುಡುಗಿಯ ನಡತೆ ಹೇಗೆ ಎಂದು ಕೇಳಲು ಹೋದವಳು ಅವಳು. ಸರ್ ಚಹಾ ಕುಡಿಸಿದರು, ಹುಳುಗಳನ್ನು ತೋರಿಸಿದರು.

ಮರುದಿನ ಅವಳು ನಮ್ಮ ಮನೆಗೆ ಬಂದಳು. ಹುಡುಗ ಹೊರಗೆ ಗಾಡಿಯಲ್ಲೇ ಕುಳಿತಿದ್ದ. ಅವ್ವ ನೀರು ಕೊಟ್ಟರೆ ಮುಟ್ಟಲಿಲ್ಲ.

"ನಿಮ್ಮ ಮಗಳಿಗೆ ಎದಿ ಬಲಗಡೆ ಐತಂತಲ್ರಿ?"

"ನಿಮ್ಮ ಮಗಗ ಮೊದಲ ಹೇಳೇವ್ರಿ," ಎಂದಳು ಅವ್ವ.

"ಅಂವಗೇನು ತಿಳಿತೈತ್ರಿ? ತಾಯಿದು ಹೆಂಗೋ ಮಕ್ಕಳದು ಹಂಗ ಅಂತ. ಅಕಿ ಸರ್ ತೋರಿಸಿ ಹೇಳಿದ್ರು. ಹುಟ್ಟಿದ್ದೆಲ್ಲಾ ಉಲ್ಟಾನ. ನನ್ನ ಮನಿತನಕ್ಕ ಅಂಥಾ ಸಂತಾನ ಬ್ಯಾಡ್ರಿ."

ನಾನು ಅದು ಹುಳುವಿನ ಮಾತು, ಮನುಷ್ಯರದಲ್ಲ ಎಂದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಹೊರಡುವಾಗ ಅವ್ವನನ್ನು ತಲೆಯಿಂದ ಪಾದದವರೆಗೆ ನೋಡಿ, "ಹೊಟ್ಟಿ ನಿಮ್ಮದಲ್ರಿ?" ಎಂದಳು. ಗಾಡಿಯಲ್ಲಿದ್ದವನು ಇಳಿಯಲಿಲ್ಲ. ಆಮೇಲೆ ನನ್ನ ಫೋನನ್ನೂ ಎತ್ತಲಿಲ್ಲ.

ಸರ್ ಮುಂದೆ ಹೋಗಿ ನಿಂತೆ. "ಹಿಂಗ್ಯಾಕ ಹೇಳಿದ್ರಿ?"

"ಹುಳದ್ದು ಹೇಳಿದೆ. ಮನುಷ್ಯಾರದು ಅಂತ ನಾ ಅಂದೇನು? ಅವರು ಹಂಗ ತಿಳಕೊಂಡ್ರ ನಾ ಏನು ಮಾಡ್ಲಿ?" ಎಂದರು. ಆಮೇಲೆ, "ನೀ ಹ್ವಾದ್ರ ಆ ಸೂಜಿ ಯಾರು ಹಿಡಿತಾರ?" ಎಂದರು. ಅದನ್ನು ಮುಚ್ಚಿಡಬೇಕೆಂದೂ ಅವರಿಗೆ ಅನ್ನಿಸಲಿಲ್ಲ.

ಮನೆಯಲ್ಲಿ ಅಜ್ಜಿ ಬೇರೆಯೇ ಆಗಿಹೋದಳು. ಬೀಗತಿಯಾಗಬೇಕಿದ್ದವಳ ಮಾತು ಅವಳ ಬಾಯಲ್ಲಿ ಮನೆ ಮಾಡಿತು. ಅವ್ವ ರೊಟ್ಟಿ ಬಡಿಯುವಾಗ ಎದುರಿಗೆ ಕೂತು, "ನನ್ನ ಮಗಾ ಬಂಗಾರದಂಥಾಂವ. ಅವನ ಪಾಲಿಗೆ ಇಂಥಾ ಹೊಟ್ಟಿ ಬಂತು" ಎನ್ನುವಳು. ಪಕ್ಕದ ಮನೆಯವರು ಬಂದರೆ ಅವರೆದುರಿಗೂ. ಅವ್ವ ಹಿಟ್ಟು ತಟ್ಟುವ ಸಪ್ಪಳ ಜೋರಾಗುತ್ತಿತ್ತು. ಮಳೆಗಾಲ ಹೋಗಿ ಚಳಿ ಬಂದರೂ ಅಜ್ಜಿ ನಿಲ್ಲಿಸಲಿಲ್ಲ. ಅವ್ವ ಊಟ ಬಿಡತೊಡಗಿದಳು.

ಕಡೆಗೆ ನಾನು ಸರ್ ಹತ್ತಿರ ಹೋಗಿ, ನಮ್ಮ ಅಜ್ಜಿಗೆ ಖರೇ ಮಾತು ಹೇಳಿರಿ, ನೀವು ಹೇಳಿದರೆ ನಂಬುತ್ತಾಳೆ ಎಂದು ಬೇಡಿಕೊಂಡೆ. ಅವರು ಯೋಚಿಸಿ, "ಹೇಳೋಣಂತ. ಪ್ರಯೋಗ ಮುಗಿಯೂತನ ನೀ ಎಲ್ಲೂ ಹೋಗೂದಿಲ್ಲ ಅನ್ನು" ಎಂದರು. ಅಂದೆ.

ಅಜ್ಜಿಯನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಒಗೆದ ಇಳಕಲ್ ಸೀರೆ ಉಟ್ಟಿದ್ದಳು, ದೊಡ್ಡವರನ್ನು ಕಾಣಲು ಹೋಗುವವಳಂತೆ. ಸರ್ ಎದ್ದು ನಿಂತು ಕುರ್ಚಿ ಕೊಟ್ಟರು, ಬಹಳ ಮರ್ಯಾದೆಯಿಂದ ಮಾತಾಡಿದರು.

"ಅಜ್ಜೀ, ಮನುಷ್ಯಾರೊಳಗ ಇದು ತಾಯಿ ಒಬ್ಬಾಕಿಯಿಂದ ಬರೂದಲ್ಲ. ಯಾಕ ಆತು ಅಂತ ಭಾಳ ಸಲ ಗೊತ್ತ ಆಗೂದಿಲ್ಲ. ಮನಿತನದಿಂದ ಬಂದದ್ದಾದ್ರ ಬಹುತೇಕ ತಂದಿ ತಾಯಿ ಇಬ್ಬರ ಕಡಿಂದನೂ ಬಂದಿರ್ತದ."

"ತಂದಿ ಅಂದ್ರ?" ಎಂದಳು ಅಜ್ಜಿ.

"ಅಂದ್ರ ನಿಮ್ಮ ಮಗಾ. ಅವರಿಗೆ ನಿಮ್ಮಿಂದನ ಬಂದಿರಬಹುದು."

ಅಜ್ಜಿಯ ಮುಖ ಒಣಗಿಹೋಯಿತು. ಸರ್ ನನ್ನ ಕಡೆ ನೋಡಿ ಮುಗುಳ್ನಕ್ಕರು. ಕೊನೆಯ ಆ ಒಂದು ವಾಕ್ಯವನ್ನು ಹೇಳಲೇಬೇಕಾಗಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಆಟೋದಲ್ಲಿ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಮನೆ ಹತ್ತಿರ ಬಂದಾಗ, "ಆ ಮನಿಶ್ಯಾ ಸುಳ್ಳ ಹೇಳ್ತಾನ. ನೀನ ಹಂಗ ಹೇಳ್ರಿ ಅಂದಿರಬೇಕು. ಸತ್ತ ಅಪ್ಪನ ಹೆಸರು ಕೆಡಸಾಕ ನನ್ನ ಅಲ್ಲೀತನ ಒಯ್ದಿ" ಎಂದಳು. ಲಗ್ನ ಮುರಿಯಲು ಸರ್ ಹೇಳಿದ್ದನ್ನು ನಂಬಿದವಳು ಅವಳು. ನಿಜ ಹೇಳಿದಾಗ ನಂಬಲಿಲ್ಲ.

ಆ ದಿನದಿಂದ ಹಂಗಿಸುವುದು ನಿಂತಿತು, ಮಾತೂ ನಿಂತಿತು. ಅವ್ವ ತಾಟು ಇಟ್ಟರೆ ಅಜ್ಜಿ ಅದನ್ನು ಸರಿಸಿ, ಎದ್ದು ತಾನೇ ಬಡಿಸಿಕೊಳ್ಳುತ್ತಿದ್ದಳು. ಸಾಯುವವರೆಗೂ ಹಾಗೇ. ಬೈಗುಳ ಸಹಿಸಿದ್ದ ಅವ್ವನಿಗೆ ಈ ಮೌನ ತಡೆಯಲಾಗಲಿಲ್ಲ. ಒಂದು ಸಂಜೆ ಪಾತ್ರೆ ತೊಳೆಯುತ್ತ ನನ್ನ ಕಡೆ ತಿರುಗದೆಯೇ ಹೇಳಿದಳು: "ನನ್ನ ಒಬ್ಬಾಕಿ ಮ್ಯಾಲ ಇದ್ದಿದ್ರ ಸಾಕಿತ್ತಲ್ಲ. ಸತ್ತಾಂವನ್ನ ಯಾಕ ಎಳದಿ? ನಾ ನಿನಗ ಹೇಳಿದ್ನೇನು?"

ನಾನು ಕೊಟ್ಟ ಮಾತು ಕೊಟ್ಟದ್ದೇ. ಅಜ್ಜಿಯನ್ನು ಕರೆದೊಯ್ದ ಮರುದಿನ ಪ್ರಯೋಗಾಲಯಕ್ಕೆ ಹೋದಾಗ ಸರ್ ಕೇಳಿದ್ದರು, "ಅಜ್ಜಿ ಏನಂದ್ರು?"

"ನಂಬಲಿಲ್ಲ."

"ನಂಬೂದಿಲ್ಲ ಅಂತ ನನಗ ಗೊತ್ತಿತ್ತು," ಎಂದು ಅವರು ತೊಟ್ಟಿಯ ಕಡೆ ಕೈ ತೋರಿಸಿದರು. "ಹೊಸಾ ಮೊಟ್ಟಿ ಬಂದಾವ. ಲಗೂ ಕೂಡು, ಎಂಟಾಗಿ ಒಡ್ಯಾಕ ಹತ್ತತಾವ."

ನಾನು ಸೂಜಿ ತೆಗೆದುಕೊಂಡು ಕೂತೆ.