ಹೂ ಬಿಡದ ಗಿಡ ಹುಡುಕಿದ ವರ್ಷ

ಸಿದ್ದಾಪುರದ ಹೊರಬದಿಯಲ್ಲಿ ನಾವು ಮನೆ ಕಟ್ಟಿಸಿದಾಗ ತೊಂಬತ್ತರ ದಶಕ ಅರ್ಧ ಕಳೆದಿತ್ತು, ಮಗಳಿಗೆ ನಾಲ್ಕು ವರ್ಷ. ಗೃಹಪ್ರವೇಶದ ಮರುವಾರವೇ ನನ್ನ ಹೆತ್ತ ಆಯಿ ತವರೂರು ತ್ಯಾಗಲಿಯಿಂದ ಎರಡು ಚೀಲ ತುಂಬ ಗಿಡ, ಗೆಲ್ಲು ಹೊತ್ತು ಬಂದಳು. ಮೂರು ತಿಂಗಳು ಮೆರೆದು ಒಣಗುವ ಗೊಂಡೆ, ಗೌರಿಹೂಗಳನ್ನು ತಂದಿರಲಿಲ್ಲ. ಸ್ವಂತ ಮನೆಯ ಅಂಗಳಕ್ಕೆ ನೆಟ್ಟವರಿಗಿಂತ ಹೆಚ್ಚು ಕಾಲ ಬದುಕುವ ಗಿಡಗಳೇ ಬೇಕೆಂಬುದು ಅವಳ ಹಟ. ನಂದಬಟ್ಟಲು, ದುಂಡುಮಲ್ಲಿಗೆ, ಪಾರಿಜಾತ, ಎರಡು ಬಣ್ಣದ ದಾಸವಾಳ, ಕಾಂಪೌಂಡಿನ ಮೂಲೆಗೆ ಕೆಂಡಸಂಪಿಗೆಯ ಕಸಿ. ಯಾವುದನ್ನು ಎಲ್ಲಿ ಎಂದು ತಾನೇ ನಿಂತು ಗುಂಡಿ ತೋಡಿಸಿದಳು.

ಮರುವರ್ಷ ಗಿಡಗಳೆಲ್ಲ ಹಿಡಿದುಕೊಂಡವು. ಅದೇ ವರ್ಷ ಮಗಳಿಗೆ ಉಬ್ಬಸ ಶುರುವಾಯಿತು.

ಶಾಲೆಯಿಂದ ಬಂದವಳು ಜಗುಲಿಯ ಕಂಬ ಹಿಡಿದು ನಿಲ್ಲುತ್ತಿದ್ದಳು. ಒಂದೊಂದು ಉಸಿರಿಗೂ ಗಂಟಲ ಕೆಳಗೆ ಗುಳಿ ಬೀಳುತ್ತಿತ್ತು. ಊರಿನ ಡಾಕ್ಟರು ಕೊಟ್ಟ ಔಷಧಿ ಎರಡು ದಿನ ಹಿಡಿಯಿತು, ಮೂರನೇ ದಿನ ಮತ್ತೆ ಅದೇ. ಯಾರೋ ಆಡುಸೋಗೆ ಕಷಾಯ ಹೇಳಿದರು. ಬೇಲಿಯ ಬದಿಗೆ ಆಡುಸೋಗೆ ನೆಟ್ಟೆ, ಹಿಪ್ಪಲಿ ಬಳ್ಳಿ ಹಬ್ಬಿಸಿದೆ, ದೊಡ್ಡಪತ್ರೆ ಊರಿದೆ. ಬೇರು ಬಿಡುವಷ್ಟೂ ಪುರಸೊತ್ತು ಕೊಡದೆ ಎಲೆ ಕಿತ್ತು ಕುದಿಸಿದೆ. ಆಡುಸೋಗೆ ಬೋಳಾಗಿ ಸತ್ತಿತು. ಮಗಳು ಕಷಾಯ ಕುಡಿದು ವಾಂತಿ ಮಾಡಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

ಆಗ ನಮ್ಮವರ ಶಾಲೆಯ ಇನ್ನೊಬ್ಬ ಮಾಸ್ತರರ ಹೆಂಡತಿ ಬಂದು, ಇದು ಹೂವಿನ ಪುಡಿಯಿಂದ ಬರುವ ಕಾಯಿಲೆ, ತಮ್ಮ ತಂಗಿಯ ಮಗನಿಗೂ ಹೀಗೇ ಇತ್ತು, ಅಂಗಳದಲ್ಲಿ ಇಷ್ಟೆಲ್ಲ ಇಟ್ಟುಕೊಂಡರೆ ಇನ್ನೇನಾಗುತ್ತದೆ ಎಂದರು. ಅವರು ಗೇಟು ದಾಟುವುದರೊಳಗೆ ನಾನು ಕತ್ತಿ ಹುಡುಕುತ್ತಿದ್ದೆ. ಮಲ್ಲಿಗೆ ಅಂದೇ ಹೋಯಿತು. ವಾರದೊಳಗೆ ಪಾರಿಜಾತ, ನಂದಬಟ್ಟಲು, ದಾಸವಾಳ. ಕಡಿದದ್ದನ್ನು ನಮ್ಮವರು ಎಳೆದು ಹೊರಗೆ ಹಾಕಿದರು.

ಬರಿದಾದ ಅಂಗಳ ಕಂಡರೆ ಹೆದರಿಕೆಯಾಗುತ್ತಿತ್ತು. ಹೂವೇ ಆಗದ, ವರ್ಷಗಟ್ಟಲೆ ಇರುವ ಗಿಡ ಹುಡುಕಿಕೊಂಡು ಶಿರಸಿಯಲ್ಲಿ ಬಸ್ಸು ಬದಲಿಸಿ ಯಲ್ಲಾಪುರದ ಒಂದು ನರ್ಸರಿಗೆ ಹೋದೆ. ಹೂವಿಗಾಗಿ ಬರುವವರನ್ನಷ್ಟೇ ಕಂಡಿದ್ದ ಆತ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಕ್ರೋಟನ್, ಜರಿಗಿಡಗಳನ್ನು ತೋರಿಸಿದ. ಆರು ಕ್ರೋಟನ್ ಆರಿಸಿದೆ. ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ, ಇನ್ನು ಎಲ್ಲ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕೆಲವು ತಿಂಗಳಿಗೆ ಕ್ರೋಟನ್ನಿನ ತುದಿಯಲ್ಲೂ ಸಣ್ಣ ಕಡ್ಡಿಯಂಥ ತೆನೆ ಬಂತು, ಮೈತುಂಬ ಬಿಳಿ ಕಾಳು. ಅದೂ ಹೂವೇ. ಅಂಗಳದಲ್ಲೇ ಕುಕ್ಕರಗಾಲಲ್ಲಿ ಕುಳಿತು ಅತ್ತೆ. ಆಮೇಲೆ ಬೆಳಿಗ್ಗೆ ಎದ್ದವಳೇ ಆರೂ ಗಿಡ ತಡಕಿ ತೆನೆ ಚಿವುಟುವುದು ನನ್ನ ಮೊದಲ ಕೆಲಸವಾಯಿತು.

ಇನ್ನೂ ಹೂ ಬಿಟ್ಟಿರದ ಸಂಪಿಗೆಯೊಂದನ್ನು ಮಾತ್ರ ಉಳಿಸಿದ್ದೆ. ಈಗ ಅದೂ ಮೊದಲ ಮೊಗ್ಗು ಹಿಡಿದಿತ್ತು. ಕತ್ತಿ ತೆಗೆದುಕೊಂಡು ಹೋದ ದಿನ ಮಗಳು ಹಿಂದೆಯೇ ಬಂದಳು.

"ಅಮ್ಮಾ, ಆನು ದೂರ ನಿಂತ್ಕತ್ತೆ. ಅದ್ನ ಕಡಿಯಡ," ಎಂದಳು. ಹೇಳಿದ ಹಾಗೆಯೇ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಗೇಟಿನ ತನಕ ಹೋಗಿ ನಿಂತಳು.

ನಾನು ಕಡಿದೆ.

ಎಲ್ಲಕ್ಕಿಂತ ಜೋರಾದ ಉಬ್ಬಸ ಬಂದದ್ದು ಅದಾಗಿ ಹದಿನೈದು ದಿನಕ್ಕೆ, ಅಂಗಳದಲ್ಲಿ ಒಂದು ಮೊಗ್ಗೂ ಇಲ್ಲದಾಗ. ಮಧ್ಯಾಹ್ನ ಊಟಕ್ಕೆ ಕುಳಿತವಳ ತುಟಿ ನೀಲಿಯಾಯಿತು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಅವಳ ಕಾಲು ಹಿಡಿದು ಕುಳಿತ ನನಗೆ ದೇವರ ಹೆಸರು ನೆನಪಾಗಲಿಲ್ಲ, ಕಡಿಯಲು ಇನ್ನೇನು ಉಳಿದಿದೆ ಎಂದಷ್ಟೇ ಯೋಚಿಸುತ್ತಿದ್ದೆ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಹುಬ್ಬಳ್ಳಿಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರು ಹೂವಿನ ವಿಷಯವನ್ನೇ ಕೇಳಲಿಲ್ಲ. ಮಗು ಮಲಗುವ ಹಾಸಿಗೆ, ಗೋಡೆಯ ಬೂಷ್ಟು, ಬಚ್ಚಲೊಲೆಯ ಹೊಗೆ ಇವನ್ನೇ ಕೇಳುತ್ತ ಹೋದರು. ಗಿಡ ಕಡಿದದ್ದನ್ನು ನಾನಾಗಿ ಹೇಳಿದೆ.

"ಗಿಡಾ ಏನ್ ಮಾಡಿದ್ವ್ರೀ ಪಾಪ," ಎಂದರು. "ಮೊದ್ಲ ಆ ಹತ್ತಿ ಗಾದಿ ಹೊರಗ ಹಾಕ್ರಿ."

ನಮ್ಮ ಮದುವೆಯ ಗಾದಿ ಅದು, ಮಳೆಗಾಲದಲ್ಲಿ ನೀರು ಹೀರಿ ಭಾರವಾಗುತ್ತಿತ್ತು. ಉಬ್ಬಸ ಬಂದಾಗಲೆಲ್ಲ ಮೆತ್ತಗಿರಲೆಂದು ನಾನೇ ಅವಳನ್ನು ಅದರ ಮೇಲೆ ಮಲಗಿಸುತ್ತಿದ್ದೆ.

ಗಾದಿ ಹೋಯಿತು, ಬಾಯಿಗೆ ಔಷಧಿ ಎಳೆದುಕೊಳ್ಳುವ ಪಂಪು ಬಂತು. ಉಬ್ಬಸ ಕಡಿಮೆಯಾಯಿತು, ಪೂರ್ತಿ ಬಿಡಲಿಲ್ಲ. ಆಯಿ ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ಅಂಗಳ ಸುತ್ತಿ ಬಂದು ಕಾಲು ತೊಳೆದುಕೊಂಡಳು.

"ಕೂಸು ಉಸ್ರಾಡ್ತಾ ಇದ್ದಲೆ. ಗಿಡ ಮತ್ತೆ ನೆಡ್ಲಕ್ಕು," ಎಂದಳು.

ಅವಳು ಬೈದಿದ್ದರೆ ಒಳ್ಳೆಯದಿತ್ತು. ಮತ್ತೆ ಗೆಲ್ಲು ತರುತ್ತೇನೆಂದಳು, ನಾನು ಬೇಡವೆಂದೆ. ಡಾಕ್ಟರ ಮಾತನ್ನು ನಂಬಿದ್ದೆ. ಆದರೆ ಮೊಗ್ಗು ಕಂಡರೆ ಬೆರಳು ತಾನಾಗಿ ಚಿವುಟಲು ಹೋಗುತ್ತಿತ್ತು.

ಐದಾರು ವರ್ಷ ಹಾಗೆಯೇ ಕಳೆಯಿತು. ಹೈಸ್ಕೂಲಿಗೆ ಹೋಗತೊಡಗಿದ ಮೇಲೆ ಮಗಳು ಗೆಳತಿಯ ಮನೆಯಿಂದ ಅಬ್ಬಲಿಗೆಯ, ಅಂದರೆ ಕನಕಾಂಬರದ, ಸಸಿ ತಂದು, ನನ್ನನ್ನು ಕೇಳದೆಯೇ ನೆಟ್ಟಳು. ಅದು ಹೂಬಿಟ್ಟ ಬೆಳಿಗ್ಗೆ ಅವಳು ಬಗ್ಗಿ ಕೊಯ್ಯುತ್ತಿದ್ದಳು. ನಾನು ಅಡಿಗೆಮನೆಯ ಕಿಟಕಿಯ ಒಳಗೆ, ಪಂಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಅವಳ ಉಸಿರನ್ನು ಕೇಳುತ್ತ ನಿಂತಿದ್ದೆ.